ರೀಟಚಿಂಗ್ ಶುರು ಮಾಡುವವರಿಗೆ: ಮೊದಲು ನಮ್ಮೂರಿನ ಮದುವೆ ಫೋಟೋ ಹಿಡಿಯಿರಿ

ಫೋಟೋಶಾಪ್ ಕಲಿತಿದ್ದೇನೆ, ಫ್ರೀಲಾನ್ಸ್ ಮಾಡಬೇಕು, ಕೆಲಸ ಎಲ್ಲಿ ಹುಡುಕಲಿ ಅಂತ ಕೇಳುವ ಹುಡುಗ ಹುಡುಗಿಯರಿಗೆಲ್ಲ ಬೇಕಾಗಿರುವುದು ಫಾರಿನ್ ಕ್ಲೈಂಟ್. ಬೇಡ ಅನ್ನುವುದಿಲ್ಲ. ಆದರೆ ನಾನು ದಾವಣಗೆರೆಯಲ್ಲಿ ಕೂತು ಈ ರೀಟಚಿಂಗ್, ಅಂದರೆ ತೆಗೆದ ಫೋಟೋ ತಿದ್ದುವ ಕೆಲಸ ಶುರು ಮಾಡಿದ್ದು ಸುತ್ತಮುತ್ತಲಿನ ಮದುವೆ ಆಲ್ಬಂಗಳಿಂದ, ಇವತ್ತಿಗೂ ಮನೆ ನಡೆಯುತ್ತಿರುವುದು ಅದರಿಂದಲೇ. ಸೀಸನ್‌ನಲ್ಲಿ ಸ್ಟುಡಿಯೋದವರು ಬೆಳಗ್ಗೆ ಒಂದು ಛತ್ರ, ಸಂಜೆ ಇನ್ನೊಂದು ಛತ್ರ ಅಂತ ಓಡುತ್ತಿರುತ್ತಾರೆ. ಹಾರ್ಡ್ ಡಿಸ್ಕ್ ತುಂಬಿರುತ್ತದೆ, ಆಲ್ಬಂ ಯಾವಾಗ ಕೊಡ್ತೀರಿ ಅಂತ ಮನೆಯವರ ಫೋನ್ ಬರುತ್ತಿರುತ್ತದೆ, ಕೂತು ಮುಖ ತಿದ್ದಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಅಲ್ಲಿಗೆ ಹೋಗಿ ಕೇಳಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡಿಲ್ಲದಿದ್ದರೆ ಗಿಂಪ್ ಇದೆ, ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಇದೆ. ಕಲೆ ಅಳಿಸುವ ಹೀಲಿಂಗ್ ಬ್ರಷ್, ಒಂದು ಜಾಗವನ್ನು ಇನ್ನೊಂದರ ಮೇಲೆ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್, ಬೆಳಕು ಬಣ್ಣ ಏರಿಳಿಸುವ ಕರ್ವ್ಸ್, ಬೇಕಾದ ಕಡೆ ಮಾತ್ರ ತಿದ್ದಿದ್ದು ಕಾಣಿಸುವ ಲೇಯರ್ ಮಾಸ್ಕ್, ಇಷ್ಟು ಕೈಗೆ ಹತ್ತಿದರೆ ಮುಕ್ಕಾಲು ಕೆಲಸ ಆಯಿತು. ಕೈಯಲ್ಲಿ ಸ್ವಲ್ಪ ಕಾಸು ಬಂದಮೇಲೆ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ತಗೊಳ್ಳಿ. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಬೈಗುಳ ಸ್ಟುಡಿಯೋ ಅಣ್ಣನಿಗೆ, ಆಮೇಲೆ ನಿಮಗೆ. 12x36 ಇಂಚಿನ ಆಲ್ಬಂ ಹಾಳೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಂದರೆ 10800x3600 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದ್ದನ್ನು ಇಟ್ಟುಕೊಂಡು ಅಲ್ಲಿಗೆ ಮುಟ್ಟುವುದು ಆಗದ ಮಾತು. ಒರಿಜಿನಲ್ ಫೈಲೇ ಬೇಕು ಅಂತ ಹಟ ಹಿಡಿದು ಕೇಳಿ.

ಇನ್ನು ನಿಜವಾದ ಕಷ್ಟ. "ಹುಡುಗಿ ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಪ್ಪಾ." ಈ ಮಾತು ಬರದ ಮದುವೆ ನಾನು ನೋಡಿಲ್ಲ. ಹೊಸಬರು ಏನು ಮಾಡುತ್ತಾರೆ ಅಂದರೆ ಮುಖ ಸೆಲೆಕ್ಟ್ ಮಾಡಿ ಕರ್ವ್ಸ್ ಎಳೆದುಬಿಡುತ್ತಾರೆ. ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು, ಕಿವಿ ಮತ್ತೊಂದು, ಮದರಂಗಿ ಹಾಕಿದ ಕೈ ಬೇರೆ ಯಾರದೋ ಅನ್ನುವ ಹಾಗೆ. ಅವಳ ಮೈಬಣ್ಣ ನಾನು ಬದಲಿಸುವುದಿಲ್ಲ. ಹಾಗಂತ ಅವರ ಅಮ್ಮನ ಹತ್ತಿರ ಭಾಷಣವನ್ನೂ ಮಾಡುವುದಿಲ್ಲ. ಯಾಕೆಂದರೆ ಎಷ್ಟೋ ಸಲ ಅವರು ಹೇಳುತ್ತಿರುವ ತೊಂದರೆ ನಿಜ, ಹೇಳುವ ರೀತಿ ಮಾತ್ರ ಬೇರೆ. ಕೆಂಪು ಹಳದಿ ಶಾಮಿಯಾನದ ಕೆಳಗೆ ಹಗಲು ತೆಗೆದ ಫೋಟೋದಲ್ಲಿ ಬಟ್ಟೆಯ ಬಣ್ಣವೆಲ್ಲ ಮುಖದ ಮೇಲೆ ಇಳಿದಿರುತ್ತದೆ, ಛತ್ರದ ಹಳೇ ಟ್ಯೂಬ್‌ಲೈಟ್ ಕೆನ್ನೆಗೆ ಹಸಿರು ಹೊಡೆಸುತ್ತದೆ, ಮೇಲಿನ ಲೈಟಿಗೆ ಕಣ್ಣಿನ ಗುಂಡಿ ಕಪ್ಪಾಗುತ್ತದೆ. ಮೊದಲು ಆ ಬಣ್ಣ ತೆಗೆಯಿರಿ. ಆಮೇಲೆ ಮುಖ, ಕುತ್ತಿಗೆ, ಕೈ ಎಲ್ಲಕ್ಕೂ ಸೇರಿಸಿ ಸ್ವಲ್ಪ ಬೆಳಕು ಏರಿಸಿ, ಕಣ್ಣಿನ ಕೆಳಗಿನ ನೆರಳು ಅರ್ಧ ಮಾತ್ರ ತಿಳಿ ಮಾಡಿ. ಹುಡುಗಿ ಹುಡುಗಿಯ ಹಾಗೇ ಇರುತ್ತಾಳೆ. ಅಮ್ಮನೂ "ಹಾಂ, ಈಗ ಚೆನ್ನಾಗಿದೆ" ಅನ್ನುತ್ತಾರೆ.

ಚರ್ಮ ನುಣುಪು ಮಾಡುವ ಹುಚ್ಚೂ ಅಷ್ಟೇ. ಫ್ರೀಕ್ವೆನ್ಸಿ ಸೆಪರೇಶನ್ ಅಂದರೆ ಚರ್ಮದ ಬಣ್ಣವನ್ನೂ ಅದರ ಸಣ್ಣ ಸಣ್ಣ ವಿವರವನ್ನೂ ಬೇರೆ ಬೇರೆ ಲೇಯರ್ ಮಾಡಿ ತಿದ್ದುವುದು. ವಿಡಿಯೋ ನೋಡಿ ಕಲಿತವರು ಬಣ್ಣದ ಲೇಯರನ್ನು ಎಷ್ಟು ಬ್ಲರ್ ಮಾಡುತ್ತಾರೆಂದರೆ ಮದುಮಗ ಬಟ್ಟೆ ಅಂಗಡಿ ಗೊಂಬೆ ಆಗಿರುತ್ತಾನೆ. ಫಿಲಂ ಕಾಲದ ಟಚಿಂಗ್ ಕೆಲಸಗಾರರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದ ಜಾಗ ಪ್ರಿಂಟ್‌ನಲ್ಲಿ ತಿಳಿಯಾಗುತ್ತದೆ, ಆದರೆ ಒಮ್ಮೆ ಜಾಸ್ತಿಯಾದರೆ ಸರಿಮಾಡುವುದು ಕಷ್ಟ, ಕಂಟ್ರೋಲ್ ಝಡ್ ಇರಲಿಲ್ಲವಲ್ಲ. ಅದಕ್ಕೇ ಅವರು ಮುಟ್ಟಿದ್ದು ಕಡಿಮೆ. ನಾನಂತೂ ಮೊಡವೆ ತೆಗೆಯುತ್ತೇನೆ, ಮಚ್ಚೆ ಬಿಡುತ್ತೇನೆ, ಅಜ್ಜಿಯ ಸುಕ್ಕಿಗೆ ಕೈ ಹಚ್ಚುವುದೇ ಇಲ್ಲ. ಎಐ ಒಂದು ಕ್ಲಿಕ್‌ನಲ್ಲಿ ಮಾಡುತ್ತದೆ ಅಲ್ವಾ ಅಂತೀರಾ? ಹಿಂದೆ ನಿಂತಿದ್ದ ಸ್ಪೀಕರ್ ಬಾಕ್ಸ್ ಅಳಿಸಲು ಚೆನ್ನಾಗಿದೆ. ಮುಖಕ್ಕೆ ಬಿಟ್ಟರೆ ಕಣ್ಣು ಬೇರೆಯಾಗುತ್ತದೆ, ಕರಿಮಣಿ ಸರ ಎಲ್ಲೋ ಮಧ್ಯೆ ಕರಗಿಹೋಗುತ್ತದೆ, ಮದರಂಗಿ ಡಿಸೈನ್ ಗೀಚಿದ ಹಾಗಾಗುತ್ತದೆ. ಮನೆಯವರು ಮೊದಲು ಗುರುತಿಸುವುದು ಇವನ್ನೇ.

ರೇಟ್ ಹೇಳುವ ಮುಂಚೆ ಗಡಿಯಾರ ಇಟ್ಟುಕೊಂಡು ನಾಲ್ಕಾರು ಫೋಟೋ ಮಾಡಿ ನೋಡಿ. ಒಂದಕ್ಕೆ 20 ನಿಮಿಷ ಹಿಡಿದರೆ ಗಂಟೆಗೆ 3, ನಿಮ್ಮ ಗಂಟೆಗೆ ಎಷ್ಟು ಬೇಕೋ ಅದನ್ನು 3ರಿಂದ ಭಾಗಿಸಿ. ಧಾರೆಯ ಕ್ಲೋಸಪ್ಪಿಗೂ ಊಟದ ಪಂಕ್ತಿ ಫೋಟೋಗೂ ಒಂದೇ ರೇಟ್ ಹೇಳಬೇಡಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನು ಮೊದಲೇ ಮೆಸೇಜ್‌ನಲ್ಲಿ ಬರೆದು ಕಳಿಸಿ, ಅರ್ಧ ದುಡ್ಡು ಅಡ್ವಾನ್ಸ್ ತಗೊಳ್ಳಿ. "ನೀನು ನಮ್ಮ ಹುಡುಗ ಅಲ್ವಾ" ಅಂತಾರೆ. ಅಡ್ವಾನ್ಸ್ ನಗುತ್ತಾ ಕೇಳಿ, ಆದರೆ ಕೇಳಿ.

ಆಷಾಢ ಬಂದರೆ ಮದುವೆ ನಿಂತವು, ಕೆಲಸವೂ ನಿಂತಿತು. ಆ ತಿಂಗಳಿಗೆ ಹಳೇ ಫೋಟೋ ರಿಪೇರಿ ಕಲಿತಿಟ್ಟುಕೊಳ್ಳಿ, ಪಿತೃಪಕ್ಷದ ಮುಂಚೆ ತಾತ ಮುತ್ತಾತರ ಫೋಟೋ ಹಿಡಿದುಕೊಂಡು ಜನ ಬರುತ್ತಾರೆ. ಆನ್‌ಲೈನ್ ಮಾರುವವರ ಕೆಲಸವೂ ಇದೆ. ಅಮೆಜಾನ್‌ನಲ್ಲಿ ಮುಖ್ಯ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ಅಂದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರೂ 255. ಬೇಜಾರಿನ ಕೆಲಸ, ಆದರೆ ವರ್ಷವಿಡೀ ಇರುತ್ತದೆ.

ನಿಮ್ಮ ಕೆಲಸ ತೋರಿಸಲು ಇನ್‌ಸ್ಟಾಗ್ರಾಂನಲ್ಲಿ ಮದುಮಗಳ "ಮೊದಲು, ಆಮೇಲೆ" ಫೋಟೋ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಸ್ಟುಡಿಯೋದವರದ್ದೂ ಅಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ಅದಿರಲಿ, ತನ್ನ ಮೊಡವೆ ಊರಿಗೆಲ್ಲ ತೋರಿಸು ಅಂತ ಆ ಹುಡುಗಿ ನಿಮಗೆ ಹೇಳಿಲ್ಲ. ಅತ್ತೆ ಮಗನನ್ನೋ ಅಕ್ಕನನ್ನೋ ಕಿಟಕಿ ಪಕ್ಕ ಕೂರಿಸಿ ಫೋಟೋ ತೆಗೆದು, ಅವರನ್ನು ಕೇಳಿ, ಅದನ್ನೇ ತಿದ್ದಿ ಹಾಕಿ. ಸ್ಟುಡಿಯೋದವರಿಗೆ ನಿಮ್ಮ ಕೈ ಹೇಗಿದೆ ಅಂತ ನೋಡಲು ಅಷ್ಟು ಸಾಕು.