ಚಾರ್ಜ್ ಪಟ್ಟಿ

"ಊಟದ ತಟ್ಟೆ 24. ಅದ್ರಲ್ಲಿ ಒಂದರ ಅಂಚು ಸೊಟ್ಟ. ಬರ್ಕೋ."

ಬರೆದುಕೊಂಡೆ. ಸೊಟ್ಟ ಅಂತ ಬರೆಯಲು ಪಟ್ಟಿಯಲ್ಲಿ ಜಾಗ ಇರಲಿಲ್ಲ. ಕೊನೆಗೆ 'ಷರಾ' ಅನ್ನುವ ಸಣ್ಣ ಕಾಲಂನಲ್ಲಿ ತುರುಕಿದೆ.

ಮೊನ್ನೆ 2026ರ ಜನವರಿ 31, ಶನಿವಾರ. ನಮ್ಮ ದೊಡ್ಡಕ್ಕೋರ ಕೊನೆಯ ದಿನ. ನಮ್ಮದು ಸಿದ್ದಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, 19 ಮಕ್ಕಳು, ಇಬ್ಬರು ಅಕ್ಕೋರು. ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಅಂತಲೇ ಕರೆಯುವುದು. ಮುಖ್ಯ ಶಿಕ್ಷಕಿ ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ವಯಸ್ಸು 44 ಆದರೂ ನಾನು ಸಣ್ಣಕ್ಕೋರೇ.

ದೊಡ್ಡಕ್ಕೋರಿಗೆ 53. ನಿವೃತ್ತಿಗೆ ಇನ್ನೂ ಏಳು ವರ್ಷ ಇತ್ತು. ಅಕ್ಟೋಬರ್ ಕೊನೆಯಲ್ಲಿ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿದ್ದರು. ಈಗ ಚಾರ್ಜ್, ಅಂದರೆ ಶಾಲೆಯ ಹೊಣೆ, ನನಗೆ.

ಚಾರ್ಜ್ ಕೊಡುವುದು ಅಂದರೆ ಮನೆ ಪಾಲು ಮಾಡಿದ ಹಾಗೆ. ಇದ್ದದ್ದನ್ನೆಲ್ಲ ಎಣಿಸಬೇಕು, ತೂಗಬೇಕು, ಇಬ್ಬರೂ ಸಹಿ ಹಾಕಬೇಕು. ಬೆಳಗಿನ ಶಾಲೆ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಕೂತೆವು. ಸಿಲಿಂಡರ್ 2. ಕುಕ್ಕರ್ 2. ಅಕ್ಕಿ ಒಂದು ಚೀಲ ಪೂರ್ತಿ, ಇನ್ನೊಂದು ಮುಕ್ಕಾಲು. ಹಾಲಿನ ಪುಡಿ ಪ್ಯಾಕೆಟ್. ರಾಗಿ ಮಾಲ್ಟ್ ಪ್ಯಾಕೆಟ್. ಕಬ್ಬಿಣಾಂಶದ ಮಾತ್ರೆಯ ಡಬ್ಬ. ಎಣ್ಣೆ. ತೊಗರಿ ಬೇಳೆ ವಹಿಯಲ್ಲಿ 11 ಕೆಜಿ 400 ಗ್ರಾಂ ಇತ್ತು, ತಕ್ಕಡಿಯಲ್ಲಿ 11 ಕೆಜಿ 200 ಬಂತು. ನಾನು ಸುಮ್ನೆ ಬಿಡಿ ಅಂದೆ. ಅವರು ಬ್ಯಾಗಿಗೆ ಕೈ ಹಾಕಿ ಒಂದು ಸಣ್ಣ ಪೊಟ್ಟಣ ತೆಗೆದರು. ಮನೆಯಿಂದ ಕಾಲು ಕಿಲೋ ಬೇಳೆ ಕಟ್ಟಿಕೊಂಡು ಬಂದಿದ್ದರು!

"ನಾಳೆ ಆಡಿಟ್‌ನವ್ರು ಕೇಳೋದು ನಿನ್ನ, ನನ್ನಲ್ಲ ಮಾರಾಯ್ತಿ."

ಆಮೇಲೆ ವಹಿಗಳು. ಎಣಿಸಿದರೆ 34. ಹಾಜರಿ, ದಾಖಲಾತಿ, ಟಿಸಿ ಪುಸ್ತಕ, ನಗದು ಪುಸ್ತಕ ಇವೆಲ್ಲ ಹಳೆಯವು. ಅಡುಗೆ ದಾಸ್ತಾನಿಗೆ ಬೇರೆ, ಹಾಲಿಗೆ ಬೇರೆ, ಮೊಟ್ಟೆಗೆ ಬೇರೆ, ಅಡುಗೆಯ ರುಚಿ ನೋಡಿದ್ದಕ್ಕೆ ಒಂದು. ತಾಯಂದಿರು ಬಂದು ರುಚಿ ನೋಡಿದ್ದಕ್ಕೆ ಮತ್ತೊಂದು. ರುಚಿ ಹೇಗಿತ್ತು ಅಂತ ಅದರಲ್ಲಿ ಎಲ್ಲ ದಿನವೂ 'ಚೆನ್ನಾಗಿದೆ' ಅಂತಲೇ ಇದೆ. ಒಂದೇ ಒಂದು ದಿನ 'ಉಪ್ಪು ಜಾಸ್ತಿ' ಅಂತ ಬರೆದವರು ನಮ್ಮ ಅಡುಗೆಯವರ ಸ್ವಂತ ನಾದಿನಿ.

ಮೊಟ್ಟೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮೊಟ್ಟೆ ಕೊಡುವುದು ತಪ್ಪು ಅಂತ ನಾನೆಂದೂ ಹೇಳುವುದಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಆಯಿತು. ನಮ್ಮ ಮಕ್ಕಳ ಕೆನ್ನೆ ನೋಡಿದರೆ ಗೊತ್ತಾಗುತ್ತದೆ. ಆದರೆ ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ. ಬೇಯಿಸಿ, ಸುಲಿದು ಕೊಡುವ ಖರ್ಚೂ ಅದರೊಳಗೇ ಬರಬೇಕು. ಡಿಸೆಂಬರ್‌ನಲ್ಲಿ ನಮ್ಮೂರ ಅಂಗಡಿಯಲ್ಲಿ ಮೊಟ್ಟೆಗೆ 7 ರೂಪಾಯಿ 50 ಪೈಸೆ. ಮೂವರು ಬಾಳೆಹಣ್ಣು ತಿನ್ನುವವರು, 16 ಮೊಟ್ಟೆಯವರು. ಅಂಗಡಿಯ ದರದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 575 ರೂಪಾಯಿ ಹತ್ತಿರ ದೊಡ್ಡಕ್ಕೋರ ಕೈಯಿಂದ ಹೋಗಿದೆ. ಇನ್ನು ಮೇಲೆ ನನ್ನ ಕೈಯಿಂದ. ನೂರಾರು ಮಕ್ಕಳಿರುವ ಶಾಲೆಯವರ ಗತಿ ಏನೋ.

ಎಲ್ಲ ಬರೆದಾದ ಮೇಲೆ ನಾನು ಕೇಳಿದೆ, "ಅಕ್ಕೋರೆ, ಎರಡನೇ ಕ್ಲಾಸಿನ ಪುಟ್ಟಿ ಒತ್ತಕ್ಷರದಲ್ಲಿ ನಿಂತಿದ್ದಾಳಲ್ಲ, ಅದನ್ನೆಲ್ಲಿ ಬರೀಲಿ?"

ಅವರು ನಕ್ಕರು. "ಷರಾದಲ್ಲಿ ಬರಿ."

ಈ ಪುಟ್ಟಿಯ ಕಥೆ ಹೇಳದೇ ಇದ್ದರೆ ದೊಡ್ಡಕ್ಕೋರು ಯಾಕೆ ಹೋದರು ಅನ್ನುವುದು ಅರ್ಥ ಆಗುವುದಿಲ್ಲ. ಅವಳ ಅಪ್ಪ ಅಮ್ಮ ಹಾವೇರಿ ಕಡೆಯವರು, ಅಡಿಕೆ ತೋಟದ ಕೆಲಸಕ್ಕೆ ಬಂದವರು. ಹುಡುಗಿ ಚುರುಕು. ಕಾಗುಣಿತ ಬೇಗ ಬಂತು. ಒತ್ತಕ್ಷರದಲ್ಲಿ ಸಿಕ್ಕಿಕೊಂಡಳು. ಅಕ್ಕ ಅಂದರೆ 'ಅಕ' ಅಂತ, ಅಮ್ಮ ಅಂದರೆ 'ಅಮ' ಅಂತ ಬರೆಯುತ್ತಾಳೆ. ಒಂದು ದಿನ ದೊಡ್ಡಕ್ಕೋರು ಬೋರ್ಡಿನ ಮೇಲೆ ಅಕ್ಕ, ಅಜ್ಜ, ಅಪ್ಪ, ಅಮ್ಮ ಬರೆದು ನಿಂತಿದ್ದರು. ಪುಟ್ಟಿ ಎದ್ದು ಕೇಳಿದಳು.

"ಅಕ್ಕೋರೇ, ಈ ಜ ಕೆಳಗೆ ಹೋದ್ರೂ ಜ ಥರಾನೇ ಐತಿ. ಮ ಯಾಕ್ ಕೆಳಗೆ ಹೋದ ಕೂಡ್ಲೇ ವೇಷ ಹಾಕ್ಕೊಂತತಿ?"

ಎಂಥ ಪ್ರಶ್ನೆ ನೋಡಿ! 27 ವರ್ಷ ಕಲಿಸಿದವರಿಗೂ ಇಂಥ ಪ್ರಶ್ನೆ ದಿನಾ ಸಿಗುವುದಿಲ್ಲ. ದೊಡ್ಡಕ್ಕೋರ ಮುಖ ಅರಳಿತು. ಬಾ ಇಲ್ಲಿ ಅಂದರು. ಸೀಮೆಸುಣ್ಣ ಅವಳ ಕೈಗೆ ಕೊಟ್ಟರು. ಅಷ್ಟರಲ್ಲಿ ಫೋನ್. ಹನ್ನೊಂದು ಗಂಟೆಯೊಳಗೆ ಅಪಾರ್ ಐಡಿ (ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಬಾಕಿ ಇರುವ ಮಕ್ಕಳ ಮಾಹಿತಿ ಬೇಕು, ತುರ್ತು. ನಮ್ಮಲ್ಲಿ ಬಾಕಿ ಇದ್ದವಳು ಇದೇ ಪುಟ್ಟಿ. ಆಧಾರ್‌ನಲ್ಲಿ ಅವಳ ಹೆಸರು ಒಂದು ಥರ, ಸ್ಯಾಟ್ಸ್ ಅನ್ನುವ ಶಾಲೆಯ ಆನ್‌ಲೈನ್ ದಾಖಲೆಯಲ್ಲಿ ಇನ್ನೊಂದು ಥರ. ಅವಳಿಗೆ ಒತ್ತಕ್ಷರ ಹೇಳಿಕೊಡುವುದನ್ನು ಬಿಟ್ಟು ಅವಳದೇ ಹೆಸರಿನ ಇಂಗ್ಲಿಷ್ ಅಕ್ಷರ ಸರಿ ಮಾಡಲು ಕೂತರು. ಹುಡುಗಿ ಸೀಮೆಸುಣ್ಣ ಹಿಡಿದುಕೊಂಡು ಬೋರ್ಡಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದಳು. ಆಮೇಲೆ ಒಂದು ಹೂ ಬರೆದು ಹೋಗಿ ಕೂತಳು.

ಮರುದಿನ ಆನ್‌ಲೈನ್ ತರಬೇತಿ. ಅದರ ಮರುದಿನ ಸಭೆ. ಮುಂದಿನ ವಾರ ಮೌಲ್ಯಾಂಕನದ ಅಂಕ ಏರಿಸುವುದು. ನಾನು ಒಂದರಿಂದ ಐದನೇ ತರಗತಿಯವರನ್ನೆಲ್ಲ ಒಂದೇ ಕೋಣೆಗೆ ಸೇರಿಸಿಕೊಂಡು ಹಾಡು ಹೇಳಿಸುತ್ತಿದ್ದೆ. ಒತ್ತಕ್ಷರದ ಪಾಠ ಮೂರು ಸಲ ಶುರುವಾಯಿತು. ಮೂರು ಸಲವೂ ಮುಗಿಯಲಿಲ್ಲ.

ಆಮೇಲೆ ದಸರಾ ರಜೆ. ರಜೆ ಅಂತ ಹೆಸರು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಮನೆ ಮನೆಗೆ ಹೋಗುವವರು ನಾವೇ. 60 ಪ್ರಶ್ನೆ, ಒಂದು ಆ್ಯಪ್, ಮನೆಗಳಿಗೆ ಮೊದಲೇ ಅಂಟಿಸಿದ್ದ ಸ್ಟಿಕ್ಕರ್. ಪೇಟೆಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ. ಮನೆಯಲ್ಲಿ ಪ್ರಶ್ನೆ ಕೇಳಿ, ಗುಡ್ಡ ಹತ್ತಿ, ನೆಟ್‌ವರ್ಕ್ ಸಿಕ್ಕಲ್ಲಿ ನಿಂತು ಕಳಿಸಬೇಕು. ಓಟಿಪಿ ಮನೆಯ ಯಜಮಾನರ ಫೋನಿಗೆ ಬರಬೇಕು. ಆ ಫೋನೂ ಗುಡ್ಡ ಹತ್ತಬೇಕು. ಹಾಗಾಗಿ ಯಜಮಾನರನ್ನೂ ಹತ್ತಿಸುತ್ತಿದ್ದೆವು. ಒಬ್ಬ ಅಜ್ಜ ಮಾತ್ರ, "ನಾ ಬರ್ತಿಲ್ಲೆ, ಫೋನ್ ತಗಂಡ್ ಹೋಗಿ" ಅಂತ ಫೋನನ್ನೇ ಕೊಟ್ಟು ಕಳಿಸಿದರು.

ಅಕ್ಟೋಬರ್‌ನಲ್ಲಿ ಇನ್ನೂ ಮಳೆ. ದೊಡ್ಡಕ್ಕೋರು ಒಂದು ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಜಾರಿ ಹಳ್ಳಕ್ಕೆ ಬಿದ್ದರು. ಮೊಣಕಾಲುದ್ದ ನೀರು, ದೇವರು ದೊಡ್ಡವನು. ಪಾದ ಉಳುಕಿ ಕುಂಬಳಕಾಯಿ ಆಯಿತು. ಜತೆಗೆ ದಾರಿ ತೋರಿಸಲು ಬಂದಿದ್ದ ನಮ್ಮ ಐದನೇ ತರಗತಿಯ ಹುಡುಗ ಮೊದಲು ಫೋನ್ ಹಿಡಿದ, ಆಮೇಲೆ ಅಕ್ಕೋರನ್ನು. ಅವನ ತಪ್ಪೇನಲ್ಲ. ನಾವೇ ಫೋನಿಗೆ ಅಷ್ಟು ಬೆಲೆ ಕೊಡುವುದನ್ನು ಅವನು ನೋಡಿದ್ದ.

ಆ ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರು ಬಿದ್ದ ಸುದ್ದಿ ಹಾಕಿದೆ. ಕೆಳಗೆ ಸಹೋದ್ಯೋಗಿಗಳ ಕೈ ಮುಗಿದ ಚಿತ್ರಗಳು ಹತ್ತಾರು ಬಂದವು. ಅದರ ಕೆಳಗೆ ಮೇಲಿನವರ ಒಂದು ಸಾಲು: "ಇಂದಿನ ಪ್ರಗತಿ ಎಷ್ಟು?" ದೊಡ್ಡಕ್ಕೋರು ಹಾಸಿಗೆಯಲ್ಲಿ ಕಾಲಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಉತ್ತರ ಹಾಕಿದರು: "4."

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ನಮಗೆಲ್ಲ ಬಾಯಿಪಾಠ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಕೋಪ ಪರಿಹಾರ, ಚುನಾವಣೆ. ಈ ಮೂರು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅಂತ 2009ರ ಕಾಯ್ದೆಯಲ್ಲೇ ಇದೆ. ಸಮೀಕ್ಷೆ ಬೇಡ ಅಂತಲ್ಲ. ಬಡವರ ಲೆಕ್ಕ ಸಿಗಬೇಕು, ಪುಟ್ಟಿಯ ಮನೆಯದ್ದೂ ಸೇರಿ. ಅದಕ್ಕೆ ಗೌರವಧನವೂ ಇತ್ತು. ಆದರೆ ಅಕ್ಟೋಬರ್ 18ರವರೆಗೆ ಶಾಲೆಗೆ ರಜೆ ಮುಂದುವರಿಸಿದಾಗ ಪಾಠ ಯಾವಾಗ ಮುಗಿಸುವುದು ಅಂತ ನಾವು ನಾವೇ ಕೇಳಿಕೊಂಡೆವು. ವಿಶೇಷ ತರಗತಿ ಮಾಡಿ ಅಂದರು.

ಇದರ ನಡುವೆಯೇ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬಂತು. ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು. ಕಾಯ್ದೆ ಬರುವ ಮೊದಲೇ ಸೇರಿದವರೂ ಅರ್ಹತಾ ಪರೀಕ್ಷೆ ಪಾಸಾಗಬೇಕು, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಉಳಿದಿದ್ದರೆ ಎರಡು ವರ್ಷದೊಳಗೆ. ಇಲ್ಲದಿದ್ದರೆ ಕೆಲಸ ಬಿಡಬೇಕು. ದೊಡ್ಡಕ್ಕೋರು 1998ರಲ್ಲಿ ಸೇರಿದವರು. ಆಗ ಬಿಸಿಯೂಟವೇ ಇರಲಿಲ್ಲ. ಈಗ 150 ಅಂಕದ ಪರೀಕ್ಷೆಗೆ ಕೂರಬೇಕು.

ಪರೀಕ್ಷೆಗೆ ಹೆದರಿ ಬಿಟ್ಟರು ಅಂತ ಊರಲ್ಲಿ ಕೆಲವರು ಹೇಳಿದರು. ನಾನು ಅವರನ್ನೇ ಕೇಳಿದೆ.

"ಓದಿದ್ರೆ ಪಾಸಾಗ್ತೇನೆ ಮಾರಾಯ್ತಿ. ಓದೋಕೆ ಪುರುಸೊತ್ತು ಯಾವಾಗ? ಅಲ್ಲ, ಮಕ್ಕಳಿಗೆ ಹೇಳಿಕೊಡೋಕೇ ಪುರುಸೊತ್ತಿಲ್ಲ ಅಂದ್ಮೇಲೆ, ಹೇಳಿಕೊಡೋಕೆ ಬರುತ್ತೆ ಅಂತ ಸರ್ಟಿಫಿಕೇಟ್ ತಗೊಂಡು ಏನ್ ಮಾಡ್ಲಿ?"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು. "ಮೊದಲು ಸಂಜೆ ಮನೆಗೆ ಹೋಗೋವಾಗ ಇವತ್ತು ಯಾರಿಗೆ ಏನು ಬಂತು ಅಂತ ಯೋಚನೆ ಬರ್ತಿತ್ತು. ಈಗ ಏನು ಕಳಿಸೋದು ಬಾಕಿ ಅಂತ ಬರ್ತದೆ. ಮೊನ್ನೆ ಪುಟ್ಟಿ ಮೇಲೆ ಕೂಗಿಬಿಟ್ಟೆ. ಅವಳೇನೂ ಮಾಡಿರ್ಲಿಲ್ಲ. ಅವತ್ತೇ ಅರ್ಜಿ ಬರೆದೆ."

ಇದನ್ನು ಓದುವವರಲ್ಲಿ ಕೆಲವರಿಗೆ ಅನ್ನಿಸಬಹುದು, ತಿಂಗಳ ಸಂಬಳ, ಬೇಸಿಗೆ ರಜೆ, ಮತ್ತೇನು ಇವರಿಗೆ ಅಂತ. ಪುಟ್ಟಿಯ ಅಪ್ಪನ ಕೂಲಿಯ ಎದುರು ನಿಂತು ನಾನು ನನ್ನ ಸಂಬಳದ ಬಗ್ಗೆ ದೂರುವುದಿಲ್ಲ. 'ಮಾಹಿತಿ ಕಳಿಸುತ್ತಿದ್ದೇನೆ' ಅಂತ ಹೇಳಿ ಪಾಠದಿಂದ ತಪ್ಪಿಸಿಕೊಳ್ಳುವವರು ನಮ್ಮಲ್ಲಿಲ್ಲ ಅಂತಲೂ ಹೇಳುವುದಿಲ್ಲ. ಇದ್ದಾರೆ. ಅವರು ಯಾರೂ ಸ್ವಯಂ ನಿವೃತ್ತಿ ತೆಗೆದುಕೊಂಡದ್ದು ನಾನು ನೋಡಿಲ್ಲ. ಅವರಿಗೆ ಈ ಏರ್ಪಾಡು ಆರಾಮಾಗಿಯೇ ಇದೆ.

ಬಿಟ್ಟು ಹೋಗಲಿಕ್ಕೂ ಯೋಗ ಬೇಕು. ದೊಡ್ಡಕ್ಕೋರಿಗೆ ಹಳೆಯ ಪಿಂಚಣಿ ಇದೆ. ನಾನು ಸೇರಿದ್ದು 2008ರಲ್ಲಿ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಈಗ ಬಿಟ್ಟರೆ ಕೂಡಿದ ದುಡ್ಡಿನಲ್ಲಿ ನೂರಕ್ಕೆ 80 ಭಾಗ ಪಿಂಚಣಿ ಕೊಳ್ಳಲು ಹೋಗುತ್ತದೆ, ಅದರಿಂದ ಬರುವ ತಿಂಗಳ ಹಣದಲ್ಲಿ ಮಗನ ಹಾಸ್ಟೆಲ್ ಫೀಸೂ ಕಟ್ಟಲಾಗದು. ಟಿಇಟಿ ನನಗೂ ಇದೆ. ಶಿರಸಿಯಲ್ಲಿ ಗೈಡ್ ಕೊಂಡು ತಂದಿದ್ದೇನೆ. ಮೊಟ್ಟೆ ವಹಿಯ ಕೆಳಗೆ ಇದೆ, ಇನ್ನೂ ಬೈಂಡ್ ಸಡಿಲ ಆಗಿಲ್ಲ.

ಅವರ ಜಾಗಕ್ಕೆ ಕಾಯಂ ಶಿಕ್ಷಕರು ಯಾವಾಗ ಬರುತ್ತಾರೋ. ಅತಿಥಿ ಶಿಕ್ಷಕಿ ಸಿಕ್ಕರೆ ತಿಂಗಳಿಗೆ 12,000 ರೂಪಾಯಿ ಗೌರವಧನ. ಆ ದುಡ್ಡಿಗೆ ಈ ಗುಡ್ಡದ ಊರಿಗೆ ಯಾರು ಬರಬೇಕು? ಅಲ್ಲಿಯವರೆಗೆ ನಮ್ಮದೂ ಒಬ್ಬರೇ ಶಿಕ್ಷಕರ ಶಾಲೆ. ದೇಶದಲ್ಲಿ ಇಂಥವು 1 ಲಕ್ಷಕ್ಕಿಂತ ಜಾಸ್ತಿ ಇವೆ. ಅದರ ಲೆಕ್ಕವನ್ನೂ ನಾವೇ ವರ್ಷಾವರ್ಷ ಯುಡೈಸ್ ಅನ್ನುವ ಶಾಲೆಗಳ ಅಂಕಿಅಂಶದ ಪೋರ್ಟಲ್‌ನಲ್ಲಿ ತುಂಬಿ ಕಳಿಸುವುದು.

ಶನಿವಾರ ಕೊನೆಗೆ ಉಳಿದದ್ದು ಪಾಸ್‌ವರ್ಡ್ ಪುಟ. ಹಳೆಯ ಡೈರಿಯ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದರು. ಹದಿಮೂರು ಲಾಗಿನ್. ಒಂದೊಂದರಲ್ಲೂ ಒಂದೊಂದು ಹುಡುಗರ ಹೆಸರು. ಯಾವ ಯಾವ ಶಾಲೆಯ, ಯಾವ ಯಾವ ಕಾಲದ ಮಕ್ಕಳೋ. ಒಬ್ಬ ಈಗ ಬಸ್ ಕಂಡಕ್ಟರ್, ಒಬ್ಬಳು ನರ್ಸ್ ಅಂತ ಬೆರಳಿಟ್ಟು ಹೇಳಿದರು. ಹಾಳೆ ಹರಿದು ನನ್ನ ಕೈಗಿಟ್ಟರು. ಬೀಗದ ಕೈ ಕೊಟ್ಟರು. ಅಡುಗೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾರ, ಶಾಲು ಏನೂ ಬೇಡ ಅಂತ ಮೊದಲೇ ಹೇಳಿದ್ದರಿಂದ ಊರವರು ಒಂದು ಗೊನೆ ಬಾಳೆಹಣ್ಣು ತಂದು ಅವರ ಮಗನ ಕಾರಿನಲ್ಲಿ ಇಟ್ಟರು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಐದೂ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದೆ. ಬೋರ್ಡಿನ ಮೇಲೆ ಅಕ್ಕ, ಅಜ್ಜ ಬರೆದೆ. ಫೋನ್ ಬಂತು. ಇನ್‌ಚಾರ್ಜ್ ಬದಲಾದದ್ದನ್ನು ಹತ್ತೂವರೆಯೊಳಗೆ ಏರಿಸಬೇಕಂತೆ. ಲಾಗಿನ್ ಮಾಡಿದೆ. ಓಟಿಪಿ ಕೇಳಿತು. ಓಟಿಪಿ ಹೋಗುವುದು ದೊಡ್ಡಕ್ಕೋರ ನಂಬರಿಗೆ. ಆ ನಂಬರ್ ಬದಲಿಸಬೇಕಾದರೂ ಮೊದಲು ಅದೇ ನಂಬರಿಗೆ ಓಟಿಪಿ ಹೋಗಬೇಕು.

ಫೋನ್ ಮಾಡಿದೆ. ಕೊಟ್ಟಿಗೆಯಲ್ಲಿದ್ದರು ಅನ್ನಿಸುತ್ತದೆ, ಹಿಂದೆ ಕರು ಕೂಗುತ್ತಿತ್ತು.

"ಬಂತು ನೋಡು, ಬರ್ಕೋ," ಅಂತ ಆರು ಅಂಕಿ ಹೇಳಿದರು. ಆಮೇಲೆ ಕೇಳಿದರು, "ಪುಟ್ಟಿ ಬಂದಿದ್ದಾಳಾ?"

"ಬಂದಿದ್ದಾಳೆ ಅಕ್ಕೋರೆ."

"ಒತ್ತಕ್ಷರ ಶುರು ಮಾಡಿದ್ಯಾ?"

"ಬೋರ್ಡ್ ಮೇಲೆ ಬರ್ದಿದ್ದೇನೆ. ಇದೊಂದು ಕಳಿಸಿಬಿಟ್ಟು..."

"ಮ ಯಾಕೆ ವೇಷ ಹಾಕುತ್ತೆ ಅಂತ ಕೇಳಿದ್ಳಲ್ಲ, ಅವಳಿಗೆ ನಾ ಹೇಳ್ಲೇ ಇಲ್ಲ. ಹೀಗೆ ಹೇಳು. ಕೆಳಗಿನ ಮನೆ ಸಣ್ಣದು, ಬಾಗಿಲು ಗಿಡ್ಡ. ಕೆಲವರು ಹಾಗೇ ಹೋಗ್ತಾರೆ, ಕೆಲವರು ಬಗ್ಗಿ, ಮೈ ಮುದುಡಿಕೊಂಡು ಹೋಗ್ಬೇಕು. ಸರೀನೋ ತಪ್ಪೋ, ಮಗುವಿಗೆ ನೆನಪಿರುತ್ತೆ. ಅವಳ ಕೈಲೇ ಬರೆಸು. ಕ ಮೊದಲು ಬೇಡ, ಜ ಇಂದ ಶುರು ಮಾಡು. ಆಮೇಲೆ ಪ. ಮ ಕೊನೆಗೆ."

ಹೂಂ ಅಂದೆ. ಬೋರ್ಡಿನಲ್ಲಿ ಅಕ್ಕ ಒರೆಸಿ ಅಜ್ಜ ಮುಂದೆ ತಂದೆ. ಫೋನ್ ಇಟ್ಟು ಆರು ಅಂಕಿ ಒತ್ತಿದೆ. ಓಟಿಪಿಯ ಅವಧಿ ಮುಗಿದಿತ್ತು.

ಮತ್ತೆ ಫೋನ್ ಮಾಡಿದೆ.