ನೋವು ಬಂದ ಮೇಲೆ ಹೋದರಾಯಿತು ಎಂಬ ಲೆಕ್ಕ ಎಪ್ಪತ್ತರ ನಂತರ ನಡೆಯುವುದಿಲ್ಲ

ದಕ್ಷಿಣ ಕೊಡಗಿನಲ್ಲಿ ನನ್ನದೊಂದು ಸಣ್ಣ ದಂತ ಚಿಕಿತ್ಸಾಲಯವಿದೆ. ವಯಸ್ಸಾದವರು ಬಂದರೆ ಬಾಯಿ ತೆರೆಯಲು ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: “ಇತ್ತೀಚೆಗೆ ಯಾವುದನ್ನು ತಿನ್ನುವುದು ಬಿಟ್ಟಿದ್ದೀರಿ?”

ನೋವಿದೆಯೇ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ತಿನ್ನುವುದರ ಬಗ್ಗೆ ಕೇಳಿದರೆ ಸಂಗತಿಗಳು ಒಂದೊಂದಾಗಿ ಹೊರಬರುತ್ತವೆ. ಅಕ್ಕಿ ಒಟ್ಟಿಯನ್ನು (ಅಕ್ಕಿ ರೊಟ್ಟಿ) ಈಗ ಕಾಫಿಯಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡೇ ತಿನ್ನುವುದು. ಹಂದಿ ಮಾಂಸದ ಪಂದಿ ಕರಿಯಲ್ಲಿ ಸಾರು ಸಾಕು, ತುಂಡು ಮೊಮ್ಮಕ್ಕಳಿಗೆ. ಬಲಗಡೆ ಅಗಿಯದೆ ಎಷ್ಟೋ ದಿನವಾಯಿತು, ಎಡಗಡೆಯೇ ಅಭ್ಯಾಸವಾಗಿದೆ. ಹೀಗೆ ಹೇಳುವ ಯಾರೂ ಅದನ್ನು ದೂರೆಂದು ಹೇಳುವುದಿಲ್ಲ. ವಯಸ್ಸಾಯಿತು, ಇನ್ನೇನು ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಮಾತ್ರ ಅದು ಎಕ್ಸ್‌ರೇಯಷ್ಟೇ ಉಪಯೋಗಕ್ಕೆ ಬರುವ ಮಾಹಿತಿ.

ಒಮ್ಮೆ ತನ್ನ ಹಲ್ಲು ತೋರಿಸಲು ಬಂದ ಸೊಸೆಯ ಜೊತೆ ಅತ್ತೆಯೂ ಬಂದಿದ್ದರು. “ಅತ್ತೆಗೆ ಹಲ್ಲಿನ ತೊಂದರೆ ಏನೂ ಇಲ್ಲ ಡಾಕ್ಟರೇ, ಊಟ ಕಡಿಮೆಯಾಗಿದೆ ಅಷ್ಟೇ. ರಕ್ತ ಪರೀಕ್ಷೆ ಮಾಡಿಸಬೇಕು” ಎಂದರು ಸೊಸೆ. ಅಜ್ಜಿಯನ್ನೂ ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಕೆಳಗಿನ ಮುಂದಿನ ಹಲ್ಲುಗಳು ಒಸಡಿನ ಅಂಚಿನಲ್ಲೇ ಕೊರೆದುಹೋಗಿದ್ದವು. ಎರಡು ಹಲ್ಲು ಮುರಿದು ಬೇರು ಮಾತ್ರ ಉಳಿದಿತ್ತು. “ನೋಯಲಿಲ್ಲವೇ ಅಜ್ಜಿ?” ಎಂದೆ. “ಜುಮ್ಮೆನ್ನುತ್ತಿತ್ತು, ಆಮೇಲೆ ಅದೇ ನಿಂತುಹೋಯಿತು” ಎಂದರು.

ಅದೇ ನಿಂತುಹೋಗುವುದರ ಕಾರಣವನ್ನು ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಕೆಲಸದ ದೊಡ್ಡ ಪಾಲಾಗಿದೆ. ಹಲ್ಲಿನ ಒಳಗೆ ನರ ಮತ್ತು ರಕ್ತನಾಳಗಳಿರುವ ಒಂದು ಕೋಣೆಯಿದೆ. ವಯಸ್ಸಾದಂತೆ ಅದರ ಗೋಡೆಗೆ ಒಳಗಿನಿಂದ ಪದರ ಪದರವಾಗಿ ದಂತದ್ರವ್ಯ (ಹಲ್ಲಿನ ಒಡಲಿನ ಗಟ್ಟಿ ವಸ್ತು) ಸೇರಿಕೊಂಡು ಕೋಣೆ ಕಿರಿದಾಗುತ್ತದೆ, ನರದ ಸ್ಪಂದನೆಯೂ ತಗ್ಗುತ್ತದೆ. ಇಪ್ಪತ್ತರ ಹುಡುಗನನ್ನು ರಾತ್ರಿಯಿಡೀ ಎಬ್ಬಿಸಿ ಕೂರಿಸುವ ಹುಳುಕು ಎಪ್ಪತ್ತೈದರ ಅಜ್ಜನಲ್ಲಿ ಸದ್ದಿಲ್ಲದೆ ಬೆಳೆಯಬಹುದು. ವಸಡಿನ ರೋಗವಂತೂ ಯಾವ ವಯಸ್ಸಿನಲ್ಲೂ ಹೆಚ್ಚು ನೋಯಿಸದೆಯೇ ಮೂಳೆಯನ್ನು ಕರಗಿಸುತ್ತದೆ. ಹೀಗಾಗಿ ನೋವನ್ನು ಗಡಿಯಾರವಾಗಿ ಇಟ್ಟುಕೊಂಡವರು ತಡವಾಗಿಯೇ ಬರುತ್ತಾರೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿರುವುದು ಹಲ್ಲು ಕೀಳುವ ಇಕ್ಕಳ.

ಇದಕ್ಕೆ ನಮ್ಮ ಊಟ ತಿಂಡಿಯ ಕ್ರಮವೂ ಸೇರಿಕೊಳ್ಳುತ್ತದೆ. ವಸಡು ಕೆಳಗಿಳಿದಾಗ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮಲ್‌ ಎಂಬ ಗಟ್ಟಿ ಹೊರಪದರದ ರಕ್ಷಣೆ ಇಲ್ಲ, ಸ್ವಲ್ಪ ಆಮ್ಲೀಯತೆಗೇ ಅದು ಕರಗತೊಡಗುತ್ತದೆ. ಬಿ.ಪಿ., ಅಲರ್ಜಿ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಆಮ್ಲವನ್ನು ತಗ್ಗಿಸಬೇಕಾದ ಜೊಲ್ಲೇ ಕಡಿಮೆ. ಇದರ ಮೇಲೆ ಬೆಲ್ಲದ ಕಾಫಿ; ಅದರ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಕೊಡಗಿನ ಮನೆಯಲ್ಲಿ ಬೆಲ್ಲದ ಕಾಫಿ ಬೇಡ ಎನ್ನುವ ಡಾಕ್ಟರನ್ನು ಯಾರೂ ಎರಡನೇ ಸಲ ನೋಡಲು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನಾನು ಹೇಳುವುದು ಇಷ್ಟು: ಒಲೆಯ ಪಕ್ಕದಲ್ಲಿ ಲೋಟ ಇಟ್ಟುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಯಬೇಡಿ. ತಿಂಡಿಯ ಜೊತೆ ಒಂದೇ ಸಲಕ್ಕೆ ಕುಡಿದು, ಒಂದು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸಿ. ಸಿಹಿ ಎಷ್ಟು ಸಲ ಬಾಯಿಗೆ ಬಂತು ಎಂಬುದು ಎಷ್ಟು ಬಂತು ಎಂಬುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಸಕ್ಕರೆಗಿಂತ ಬೆಲ್ಲ ಹಲ್ಲಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳಿಗೆ ಎರಡೂ ಒಂದೇ.

ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಇನ್ನೊಂದು ಭಯವಿದೆ. ಅದರ ಹಿಂದೆ ಒಂದು ಅನುಭವವಿರುವುದರಿಂದ ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬುಡ ಹೋದ ಬೇಲಿ ಕಂಬವನ್ನು ಸುತ್ತಿದ ಬಳ್ಳಿ ಹಿಡಿದು ನಿಲ್ಲಿಸುವಂತೆ, ವರ್ಷಗಟ್ಟಲೆ ಗಟ್ಟಿಯಾದ ಪಾಚಿ ಅಲುಗುವ ಹಲ್ಲುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ಪಾಚಿ ತೆಗೆದಾಗ ಅಲುಗಾಟ ಗೊತ್ತಾಗುತ್ತದೆ. ಸಡಿಲ ಮಾಡಿದ್ದು ಆ ಪಾಚಿಯೇ, ಅದು ಬಹಳ ಹಿಂದೆಯೇ ಆಗಿದೆ. ಇದನ್ನು ಶುರು ಮಾಡುವ ಮೊದಲೇ ಕನ್ನಡಿ ಹಿಡಿದು ತೋರಿಸಿ ಹೇಳಿದರೆ ಹಿರಿಯರು ಒಪ್ಪುತ್ತಾರೆ. ಮುಗಿದ ಮೇಲೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ಮಾತನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಹಾಳಾಗುತ್ತದೆ, ವಸಡಿನ ಸೋಂಕು ಹಾಗೆಯೇ ಉಳಿದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟ.

ಇನ್ನು ಆರು ತಿಂಗಳಿಗೊಮ್ಮೆ ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಡುವ ವಿಷಯ. ಪುಸ್ತಕದಲ್ಲಿ ಅದು ಸುಲಭ, ಕೊಡಗಿನಲ್ಲಿ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಮಳೆಯಲ್ಲಿ, ಕೆಸರಿನ ತೋಟದ ರಸ್ತೆಯಲ್ಲಿ ಎಂಬತ್ತರ ಅಜ್ಜನನ್ನು ಹಲ್ಲು ತೋರಿಸಲೆಂದು ಯಾರೂ ಕರೆತರುವುದಿಲ್ಲ, ಕರೆತರಲೂ ಬಾರದು. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ, ಕಣದಲ್ಲಿ ಒಣಗಿಸುವ ಕೆಲಸ. ಜೀಪು ಓಡಿಸುವವರೂ ಲೈನ್‌ಮನೆಯ ತೋಟ ಕಾರ್ಮಿಕರೂ ಯಾರೂ ಬಿಡುವಾಗಿರುವುದಿಲ್ಲ. ಹಿರಿಯರು ಒಬ್ಬರೇ ಬರುವವರಲ್ಲ. ಆದ್ದರಿಂದ ಮುಂದಿನ ಭೇಟಿಯ ದಿನವನ್ನು ನಿರ್ಧರಿಸುವಾಗ ರೋಗಿಗಿಂತ ಮೊದಲು ಅವರನ್ನು ಕರೆತರುವವರ ಬಿಡುವನ್ನು ಕೇಳುತ್ತೇನೆ. ಒಂದು ಭೇಟಿ ಏಪ್ರಿಲ್–ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಇನ್ನೊಂದು ಕಾವೇರಿ ತುಲಾ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಹುತ್ತರಿ ಬರುವುದರೊಳಗೆ. ಹೀಗೆ ಹಬ್ಬದ ಲೆಕ್ಕದಲ್ಲಿ ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಎಲ್ಲರಿಗೂ ಆರು ತಿಂಗಳೇ ಬೇಕೆಂದೂ ಇಲ್ಲ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2004ರ ಮಾರ್ಗಸೂಚಿ ವಯಸ್ಕರಿಗೆ ಅವರವರ ಅಪಾಯವನ್ನು ನೋಡಿ 3ರಿಂದ 24 ತಿಂಗಳ ಅಂತರ ಇಡಬಹುದು ಎನ್ನುತ್ತದೆ. ಬಾಯಿ ಒಣಗುವವರು, ಸಕ್ಕರೆ ಕಾಯಿಲೆಯವರು ಬೇಗ ಬರಬೇಕು.

ಈ ಮಾತನ್ನು ಥಟ್ಟನೆ ಹಿಡಿಯುವವರು ಮಾಜಿ ಸೈನಿಕರು. ಏನೂ ಆಗದಿದ್ದರೂ ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲುವುದು ಅವರಿಗೆ ಸೇನೆಯಿಂದಲೇ ಬಂದ ರೂಢಿ. ಅವರಿಗೆ ನಾನು ಜಪಾನಿನ ಸಂಗತಿ ಹೇಳುತ್ತೇನೆ. 1989ರಲ್ಲಿ ಅಲ್ಲಿ ‘8020’ ಎಂಬ ಆಂದೋಲನ ಶುರುವಾಯಿತು, 80ನೇ ವಯಸ್ಸಿನಲ್ಲಿ 20 ಸ್ವಂತ ಹಲ್ಲು ಉಳಿದಿರಲಿ ಎಂಬ ಗುರಿ. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ಜನ ಆ ಗುರಿ ಮುಟ್ಟಿದ್ದರು. ಮುಪ್ಪಿನಲ್ಲಿ ಹಲ್ಲು ಉದುರುವುದು ಹಣೆಬರಹ ಅಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಎಲ್ಲ ಹಲ್ಲೂ ಹೋದವರು “ನನಗೇನು ತಪಾಸಣೆ” ಎನ್ನುತ್ತಾರೆ. ಅವರೂ ವರ್ಷಕ್ಕೊಮ್ಮೆಯಾದರೂ ಬರಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕಿದ ಬಾಯಲ್ಲಿ ನಾನು ಹಲ್ಲಿಗಿಂತ ಹೆಚ್ಚು ಕೆನ್ನೆಯ ಒಳಭಾಗವನ್ನೂ ನಾಲಿಗೆಯ ಅಂಚನ್ನೂ ನೋಡುತ್ತೇನೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ನೋಯದಿದ್ದರೂ ತೋರಿಸಲೇಬೇಕು. ಹಲ್ಲಿನ ಸೆಟ್ ಹಾಕುವವರು ರಾತ್ರಿ ಅದನ್ನು ತೆಗೆದು, ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಬಿಪಿಎಲ್ ಕುಟುಂಬದವರಿಗೆ ಉಚಿತವಾಗಿ ಪೂರ್ಣ ದಂತಪಂಕ್ತಿ ಕೊಡಲೆಂದು ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿ ಅಥವಾ ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಮಾಜಿ ಸೈನಿಕರಿಗೆ ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆಯೂ ಸೇರಿದೆ.

ಕರೆತರುವಾಗ ಮಾತ್ರೆಗಳ ಚೀಟಿಯನ್ನೂ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸಬೇಕೆಂದು ನೀವೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ; ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮಾಯದೆ ಉಳಿಯುವ ಅಪಾಯ ಕೆಲವರಲ್ಲಿ ಇರುತ್ತದೆ. ಹಾಸಿಗೆ ಹಿಡಿದವರ ಹಲ್ಲನ್ನು ಮನೆಯವರು ದಿನಕ್ಕೆ ಎರಡು ಸಲ ಉಜ್ಜಬೇಕು. ತಲೆಯನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ವಾಲಿಸಿ, ಮೆತ್ತನೆಯ ಬ್ರಷ್‌ಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ಉಜ್ಜಿ. ಇದ್ದಿಲು, ಉಪ್ಪು ಬೇಡ, ಹೊರಗೆ ಕಾಣುವ ಬೇರನ್ನು ಅವು ಸವೆಸುತ್ತವೆ. ಉಗುಳಲು ಆಗದವರಿಗೆ ನೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೈ ನಡುಗುವವರು ತಾವೇ ಉಜ್ಜಿಕೊಳ್ಳಬೇಕೆಂದು ಬಯಸಿದರೆ, ಬ್ರಷ್ಷಿನ ಹಿಡಿಗೆ ಹಳೆಯ ಸೈಕಲ್ ಹಿಡಿಕೆಯ ರಬ್ಬರ್ ಸಿಕ್ಕಿಸಿ ದಪ್ಪ ಮಾಡಿಕೊಡಿ.