ಟೈಲ್ಸಿಗೂ ಥೈರಾಯ್ಡ್ ಇರ್ತದೇನ್ರಿ ವೈನಿ?

ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯ ಬ್ರಹ್ಮಪುರದಿಂದ ವೈನಿ, ಅಂದರೆ ನಮ್ಮ ಅಣ್ಣನ ಹೆಂಡತಿ, ಫೋನ್ ಮಾಡಿದ್ದರು. ‘ತಂಗಿ, ಮೂರೇ ತಾಸಿನಾಗ ಹೋಗ್ಯಾದ ನೋಡು!’ ಅಂದರು. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿದ್ದೆ, ಮುಂದೆ ಉದ್ದ ಸಾಲು. ಕರೆಂಟ್ ಹೋಗಿದೆ ಅಂದುಕೊಂಡು, ‘ಬರ್ತದ ತಡೀರಿ’ ಅಂತ ಫೋನ್ ಇಟ್ಟೆ.

ಹೋಗಿದ್ದು ಕರೆಂಟಲ್ಲ, ಕೈಮೇಲಿನ ಕಲೆ. ವಾಟ್ಸಾಪಿನಲ್ಲಿ ಯಾರೋ ಒಂದು ವಿಡಿಯೋ ಕಳಿಸಿದ್ದರಂತೆ. ಮುಂಗೈ ಒಳಭಾಗಕ್ಕೆ ಟಿಂಚರ್ ಅಯೋಡಿನ್ ಹಚ್ಚಬೇಕು. ಕಂದು ಕಲೆ 24 ತಾಸು ನಿಂತರೆ ಮೈಯಲ್ಲಿ ಅಯೋಡಿನ್ ಸಾಕಷ್ಟಿದೆ. ಬೇಗ ಮಾಯವಾದರೆ ಮೈ ಅದನ್ನು ಹಸಿದು ಕುಡಿದಿದೆ, ಅಂದರೆ ಕೊರತೆ. ಕಲೆ ನಿಲ್ಲುವ ತನಕ ದಿನಾ ಹಚ್ಚುತ್ತಾ ಹೋದರೆ ಥೈರಾಯ್ಡ್ ತಾನೇ ಸರಿ ಹೋಗುತ್ತದೆ. ರಾತ್ರಿ ಮತ್ತೆ ಮಾತಾಡುವಾಗ ಇಷ್ಟೂ ಹೇಳಿದರು. ನಾನು ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾಗಬಾರದಿತ್ತು.

ನನಗೆ ಟಿಂಚರ್ ಹೊಸದಲ್ಲ. ಅಪ್ಪ ಶಹಾಬಾದಿನಲ್ಲಿ ಕಂಪೌಂಡರ್ ಆಗಿದ್ದರು. ಅವರ ಅಂಗಿಗೆ ಸದಾ ಅದರದೇ ವಾಸನೆ. ಫರಸಿ ಕಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಂದರೆ, ಕಂದು ಬಾಟ್ಲಿಯಿಂದ ಹತ್ತಿಗೆ ಎರಡು ಹನಿ ಹಾಕಿ ಒತ್ತುತ್ತಿದ್ದರು. ಜೀವ ಹೋಗುವಷ್ಟು ಉರಿ. ಉರಿಯುವುದು ಅದರಲ್ಲಿರುವ ಸ್ಪಿರಿಟ್ಟು ಅಂತ ಆಮೇಲೆ ಗೊತ್ತಾಯಿತು, ಆಗ ಅಪ್ಪನ ಮೇಲೇ ಸಿಟ್ಟು. ಆ ಬಾಟ್ಲಿಗೆ ಅವರು ಒಂದು ದಿನವೂ ಮುಚ್ಚಳ ಸಡಿಲ ಬಿಡುತ್ತಿರಲಿಲ್ಲ. ‘ಬಿಟ್ರ ಹಾರಿ ಹೋಗ್ತದ’ ಅನ್ನುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ.

ಪಂಚಮಿಗೆ ತವರಿಗೆ ಹೋದೆ. ಶೇಂಗಾ ಉಂಡಿ, ಜೋಳದ ಅಳ್ಳು, ಎಲ್ಲಾ ಇತ್ತು. ಆದರೆ ವೈನಿ ವೈನಿ ಹಾಗಿರಲಿಲ್ಲ. ಮುಖ ಊದಿತ್ತು, ದನಿ ದಪ್ಪ ಆಗಿತ್ತು. ಫ್ಯಾನ್ ಹಾಕಿದರೆ ಚಳಿ ಅಂತ ಶಾಲು ಹೊದ್ದುಕೊಂಡರು. ಕಲಬುರಗಿಯಲ್ಲಿ ಫ್ಯಾನಿಗೆ ಚಳಿ! ಥೈರಾಯ್ಡ್ ಗುಳಿಗಿ ತಗೋತಿದ್ದೀರಾ ಅಂದೆ. ಹೆಮ್ಮೆಯಿಂದ ಮುಂಗೈ ಮುಂದೆ ಚಾಚಿದರು. ‘ಬಿಟ್ಟು ಎರಡು ತಿಂಗಳಾತು. ಈಗ ನೋಡು, ಮುಂಜಾನಿ ಹಚ್ಚಿದ್ರ ರಾತ್ರಿ ತನಕ ಇರ್ತದ. ಮೈಯಾಗ ಅಯೋಡಿನ್ ತುಂಬ್ಯಾದ.’

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಮೇ ತಿಂಗಳಲ್ಲಿ ಮೂರು ತಾಸಿಗೆ ಹೋಗುತ್ತಿದ್ದ ಕಲೆ ಶ್ರಾವಣದಲ್ಲಿ ರಾತ್ರಿ ತನಕ ನಿಂತಿದ್ದು ನಿಜ. ಆದರೆ ಕಲೆ ನಿಲ್ಲಿಸಿದ್ದು ಮೈಯಲ್ಲಿ ತುಂಬಿದ ಅಯೋಡಿನ್ ಅಲ್ಲ, ಬದಲಾದ ಹವಾ. ಮೇದಲ್ಲಿ ನಮ್ಮೂರು 42 ಡಿಗ್ರಿಯಲ್ಲಿ ಕಾಯುತ್ತದೆ. ಅಯೋಡಿನ್ ತನ್ನಷ್ಟಕ್ಕೆ ಆವಿಯಾಗಿ ಹೋಗುವ ವಸ್ತು. ಬಿಸಿ ಜಾಸ್ತಿ ಇದ್ದಷ್ಟೂ ಬೇಗ ಹಾರುತ್ತದೆ. ಮಳೆಗಾಲದ ತಂಪಿಗೆ ನಿಧಾನ ಹಾರುತ್ತದೆ, ಅಷ್ಟೇ. ಬಾಯಲ್ಲಿ ಹೇಳಿದರೆ ವೈನಿ ಕೇಳುವ ಪೈಕಿ ಅಲ್ಲ. ಅಡುಗೆಮನೆ ಸಿಂಕಿನ ಹಿಂದೆ ಬಿಳಿ ಟೈಲ್ಸ್ ಇವೆ. ಅವರ ಬಾಟ್ಲಿಯಿಂದಲೇ ಒಂದು ಟೈಲ್ಸಿಗೆ ತೆಳ್ಳಗೆ ಬಳಿದೆ. ಅವರ ಎರಡೂ ಮುಂಗೈಗೆ ಅಷ್ಟಷ್ಟೇ ಹಚ್ಚಿ, ಎಡಗೈ ಕಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಚಿಗೆಲ್ಲ ಪಟ್ಟಿ ಅಂಟಿಸಿದೆ. ಬಲಗೈ ಬಯಲಿಗೆ ಬಿಟ್ಟೆ.

ಸಂಜೆಗೆ ಬಲಗೈ ಕಲೆ ಮಸುಕಾಗಿತ್ತು. ಎಡಗೈದು ಇನ್ನೂ ಗಟ್ಟಿಯಾಗಿತ್ತು. ಒಂದೇ ಮೈ, ಎರಡು ಕೈ! ಮರುದಿನ ನೋಡಿದರೆ ಟೈಲ್ಸಿನ ಮೇಲಿನದೂ ಮಾಸಿತ್ತು. ‘ಟೈಲ್ಸಿಗೂ ಥೈರಾಯ್ಡ್ ಇರ್ತದೇನ್ರಿ ವೈನಿ?’ ಅಂದೆ. ಅಣ್ಣ ಜೋರಾಗಿ ನಕ್ಕ. ವೈನಿ ನಗಲಿಲ್ಲ. ಆದರೆ ದವಾಖಾನಿಗೆ ಹೊರಟರು.

ಗುಳಿಗಿ ತಗೊಳ್ಳುವಾಗ 3.8 ಇದ್ದ, ಥೈರಾಯ್ಡ್ ಕುಗ್ಗಿದಷ್ಟೂ ರಕ್ತದಲ್ಲಿ ಏರುವ ಟಿಎಸ್‌ಎಚ್ ಈಗ 31. ಡಾಕ್ಟರ್ ಬೈಯಲಿಲ್ಲ, ಅದು ಅವರ ದೊಡ್ಡತನ. ಇದು ಮುಖ್ಯವಾಗಿ ಗುಳಿಗಿ ಬಿಟ್ಟಿದ್ದರ ಫಲ ಅಂದರು. ವೈನಿಗಿರುವುದು ಹಾಶಿಮೊಟೊ ಅನ್ನುವ ತೊಂದರೆ. 1912ರಲ್ಲಿ ಅದನ್ನು ಮೊದಲು ವಿವರಿಸಿದ ಜಪಾನಿನ ಡಾಕ್ಟರ್ ಹೆಸರೇ ಅದಕ್ಕೂ ಬಂದಿದೆ. ಮೈ ಕಾಯಬೇಕಾದ ಪಡೆಯೇ, ಅಯೋಡಿನ್ ಬಳಸಿ ಹಾರ್ಮೋನು ಮಾಡುವ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದು ಅದನ್ನು ಸವೆಸುತ್ತದೆ. ಅಣ್ಣ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ಡಾಕ್ಟರಿಗೆ ಗೊತ್ತಿತ್ತು. ‘ಮಿಲ್ಲಿನ ಮಷೀನೇ ಕೆಟ್ಟು ನಿಂತಾಗ ಇನ್ನೊಂದು ಲಾರಿ ತೊಗರಿ ತಂದು ಸುರಿದ್ರ ಬ್ಯಾಳಿ ಬರ್ತದೇನು?’ ಅಂತ ಕೇಳಿದರು. ಅಣ್ಣನಿಗೆ ತಟ್ಟನೆ ಅರ್ಥವಾಯಿತು.

ಹಾಗಂತ ಚರ್ಮಕ್ಕೆ ಹಚ್ಚಿದ್ದು ಒಳಗೆ ಹೋಗುವುದೇ ಇಲ್ಲ ಅಂತಲ್ಲ. ಇಲ್ಲೇ ನನಗೂ ತಪ್ಪು ತಿಳಿವಳಿಕೆ ಇತ್ತು. ಗಾಯ ಇಲ್ಲದ ಚರ್ಮದಿಂದ ಸ್ವಲ್ಪವೇ ಹೋಗುತ್ತದೆ, ಆದರೆ ಹೋಗುತ್ತದೆ. ಸುಟ್ಟ ಗಾಯ, ದೊಡ್ಡ ತೆರೆದ ಗಾಯ ಇದ್ದರೆ ಜಾಸ್ತಿ ಹೋಗುತ್ತದೆ. ವೈನಿ ನಡುವೆ ಟಿಂಚರ್ ಮುಗಿದಾಗ ಗಾಯಕ್ಕೆ ಹಚ್ಚುವ ಪೋವಿಡೋನ್ ಅಯೋಡಿನ್ನನ್ನೂ ಬಳಿದುಕೊಂಡಿದ್ದರು. ಬ್ಯಾಂಕಿನವಳಲ್ವಾ, ಲೆಕ್ಕ ಹಾಕಿದೆ. 10 ಪರ್ಸೆಂಟಿನ ದ್ರಾವಣದಲ್ಲಿ ಸಿಗುವ ಅಯೋಡಿನ್ 1 ಪರ್ಸೆಂಟ್. ಅಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ, ಬಸುರಿಯರಿಗೆ 250. ನೂರರಲ್ಲಿ ಒಂದೇ ಪಾಲು ಒಳಗೆ ಹೋಯಿತು ಅಂದುಕೊಂಡರೂ ಅದು 100 ಆಯಿತು. ಎಷ್ಟು ಬಳಿದರು, ಎಷ್ಟು ಹಾರಿತು, ಎಷ್ಟು ಒಳಗೆ ಹೋಯಿತು, ಯಾವುದಕ್ಕೂ ಅಳತೆ ಇಲ್ಲ. ಇದನ್ನು ಔಷಧ ಅನ್ನೋದಾದರೂ ಹೇಗೆ?

ಒಮ್ಮೆಲೇ ಅಯೋಡಿನ್ ಜಾಸ್ತಿ ಆದರೆ ಗ್ರಂಥಿ ಕೆಲಸವನ್ನೇ ನಿಲ್ಲಿಸುತ್ತದಂತೆ. 1948ರಲ್ಲಿ ವುಲ್ಫ್ ಮತ್ತು ಚೈಕೋಫ್ ಅನ್ನುವ ಇಬ್ಬರು ಇದನ್ನು ಇಲಿಗಳಲ್ಲಿ ಕಂಡುಕೊಂಡರು. ಆರೋಗ್ಯವಾಗಿರುವ ಗ್ರಂಥಿಯಾದರೆ ಕೆಲವು ದಿನಕ್ಕೆ ಮತ್ತೆ ಶುರು ಮಾಡುತ್ತದೆ. ಹಾಶಿಮೊಟೊ ಇದ್ದವರಲ್ಲಿ ಹಾಗೇ ಕೂತುಬಿಡಬಹುದು. ಹಸುಗೂಸುಗಳಿಗೂ ಇದೇ ಭಯ. ಅವುಗಳ ಚರ್ಮ ತೆಳು, ಗ್ರಂಥಿ ಇನ್ನೂ ಎಳೆಯದು. ಹೊಕ್ಕುಳಿಗೆ ದಿನಾ ಅಯೋಡಿನ್ ಹಚ್ಚುವ ಅಜ್ಜಿಯರು ನಮ್ಮ ಓಣಿಯಲ್ಲೂ ಇದ್ದಾರೆ. ಡಾಕ್ಟರ್ ಹೇಳದೆ ಹಚ್ಚಬೇಡಿ ಅಂತ ಹೇಳಿ ಬಂದಿದ್ದೇನೆ. ಕೇಳಿದರೋ ಇಲ್ಲವೋ ದೇವರಿಗೇ ಗೊತ್ತು. ಕಾಲಿಗೆ ಮೊಳೆ ಚುಚ್ಚಿದಾಗ ಎರಡು ದಿನ ಹಚ್ಚಿಕೊಳ್ಳುವುದಕ್ಕೆ ಯಾರೂ ಹೆದರಬೇಕಾಗಿಲ್ಲ. ನಾನೂ ಹಚ್ಚಿಕೊಳ್ಳುತ್ತೇನೆ.

ಅಯೋಡಿನ್ ಕೊರತೆ ಅನ್ನುವುದು ಸುಳ್ಳಲ್ಲ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಗಳಗಂಡ, ಅಂದರೆ ಕುತ್ತಿಗೆ ಊದುವ ರೋಗ, ಮನೆಮನೆಯ ಮಾತಾಗಿತ್ತು. 1956ರಿಂದ ಡಾ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಅಲ್ಲಿ ಉಪ್ಪಿನ ಮೂಲಕ ಅಯೋಡಿನ್ ಕೊಟ್ಟು ಅದು ಇಳಿಯುವುದನ್ನು ತೋರಿಸಿದರು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನೋಡಿ, ಅವರೂ ಜನರ ಕೈಗೆ ಬಳಿಯಲಿಲ್ಲ, ಉಪ್ಪಿಗೆ ಹಾಕಿದರು. ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು ಅನ್ನುವುದು ನಿಯಮ. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ ಅಯೋಡಿನ್.

ವೈನಿಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿತ್ತು ಗೊತ್ತಾ? ಒಲೆ ಪಕ್ಕ, ಮುಚ್ಚಳ ಇಲ್ಲದೆ. ಒಳಗಿದ್ದದ್ದು ಸೈಂಧವ ಉಪ್ಪು, ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಹೆಸರೇ ಇಲ್ಲ. ಅದೂ ಇನ್ನೊಂದು ವಿಡಿಯೋ ನೋಡಿ ತಂದಿದ್ದಂತೆ. ಉಪ್ಪಿನಲ್ಲಿ ಬೇಡ ಅಂದ ಅಯೋಡಿನ್ನನ್ನು ಕೈಗೆ ಬಳಿದುಕೊಳ್ಳುತ್ತಾ ಕೂತಿದ್ದರು ಪುಣ್ಯಾತಗಿತ್ತಿ.

ಈಗ ಮತ್ತೆ 75 ಮೈಕ್ರೋಗ್ರಾಂನ ಥೈರಾಯ್ಡ್ ಗುಳಿಗಿ ಶುರುವಾಗಿದೆ. ಮುಂಜಾನೆ ಖಾಲಿ ಹೊಟ್ಟೆ, ಬರೀ ನೀರು, ಚಹಾ ಅರ್ಧ ತಾಸು ಬಿಟ್ಟು. ಕ್ಯಾಲ್ಸಿಯಂ ಗುಳಿಗಿ ಮಧ್ಯಾಹ್ನಕ್ಕೆ ಹೋಯಿತು, ಎರಡಕ್ಕೂ ನಾಲ್ಕು ತಾಸಿನ ಅಂತರ ಬೇಕಂತೆ. ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ.

ಉಳಿದ ಟಿಂಚರ್ ಅಣ್ಣನ ಮಗನ ಪಾಲಾಗಿದೆ. ಏಳನೇ ಕ್ಲಾಸು. ಪಿಷ್ಟ ಎಲ್ಲಿದೆ ಹುಡುಕುತ್ತೇನೆ ಅಂತ ಆಲೂಗಡ್ಡೆ, ಅನ್ನ, ಕೊನೆಗೆ ಜೋಳದ ರೊಟ್ಟಿಗೂ ಹನಿ ಬಿಟ್ಟ. ರೊಟ್ಟಿ ನೀಲಿಗಪ್ಪಾಗಿ ಕೂತಿತು. ‘ನೋಡ್ರಿ ಅತ್ತಿ, ಇದು ಹೋಗೂದೇ ಇಲ್ಲ’ ಅಂತ ನನಗೆ ತೋರಿಸುತ್ತಿದ್ದ. ವೈನಿ ಒಳಗಿಂದ ಕೂಗಿದರು, ‘ಏ, ಆ ರೊಟ್ಟಿ ಆಕಳಿಗೆ ಹಾಕಬ್ಯಾಡೋ!’